ಮೇಲ್ ಸರ್ವರಿಗೆ ಲೆಟ್ಸ್ ಎನ್‌ಕ್ರಿಪ್ಟ್: ಕಾಸಿಲ್ಲದೆ ಸಿಗುತ್ತೆ, ಕಣ್ಣಿಟ್ಟಿರಬೇಕು

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದ್ದೀನಿ. ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಇಷ್ಟು ಸಾಕು: ಲೆಟ್ಸ್ ಎನ್‌ಕ್ರಿಪ್ಟ್ ಕೊಡೋ ಸರ್ಟಿಫಿಕೇಟಿನಲ್ಲಿ, ಅಂದ್ರೆ ಈ ಸರ್ವರ್ ಅಸಲಿ ಅಂತ ಫೋನಿಗೂ ಕಂಪ್ಯೂಟರಿಗೂ ತೋರಿಸೋ ಗುರುತಿನ ಚೀಟಿಯಲ್ಲಿ, ಕೊರತೆ ಏನೂ ಇಲ್ಲ. ಅದನ್ನು ತಂದು ಹಾಕೋ ಸರ್ಟ್‌ಬಾಟ್ ಅನ್ನೋ ಸಾಫ್ಟ್‌ವೇರ್ ಮಾತ್ರ ವೆಬ್‌ಸೈಟಿನ ಉಸಾಬರಿಯನ್ನೆಲ್ಲ ತಾನೇ ಹೊತ್ಕೊಳ್ಳುತ್ತೆ, ಮೇಲ್ ಸರ್ವರ್ ಅಂದ ಕೂಡಲೇ ಮಲತಾಯಿ ಧೋರಣೆ ತೋರಿಸುತ್ತೆ. ಒಂದು ಸ್ಟಾರ್ ಕಿತ್ಕೊಂಡಿದ್ದು ಅದಕ್ಕೇ.

ನಾನಿರೋದು ಮೈಸೂರಿನ ಕುವೆಂಪುನಗರದಲ್ಲಿ. ದೊಡ್ಡ ಕಂಪನಿಗಳ ಕೆಲಸ ನನ್ನದಲ್ಲ. ಬನ್ನಿಮಂಟಪದ ಕಡೆ ಒಂದು ಅಗರಬತ್ತಿ ಕಾರ್ಖಾನೆ, ಮಂಡ್ಯದಲ್ಲಿ ಒಬ್ಬರು ಆಡಿಟರು, ಅಲ್ಲೇ ಎಪಿಎಂಸಿಯಲ್ಲಿ ಬೆಲ್ಲದ ಮಂಡಿ ಇಟ್ಟಿರೋ ಒಬ್ಬರು ಯಜಮಾನರು, ಇಂಥವರ ಮೇಲ್, ವೆಬ್‌ಸೈಟು, ಬ್ಯಾಕಪ್ಪು ನೋಡ್ಕೊಳ್ತೀನಿ. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಜೋಡಣೆ: ಬಾಡಿಗೆಗೆ ತಗೊಂಡ ಒಂದು ಸಣ್ಣ ಸರ್ವರ್, ಅದರಲ್ಲಿ ಉಬುಂಟು, ಮೇಲ್ ಕಳಿಸೋಕೆ-ತಗೊಳ್ಳೋಕೆ ಪೋಸ್ಟ್‌ಫಿಕ್ಸ್, ಬಂದ ಮೇಲನ್ನು ಫೋನಿಗೂ ಕಂಪ್ಯೂಟರಿಗೂ ಕೊಡೋಕೆ ಡವ್‌ಕಾಟ್. ಈಗಿನ ಕಾಲದಲ್ಲಿ ಸ್ವಂತ ಮೇಲ್ ಸರ್ವರ್ ಯಾಕೆ ಅಂತ ಕೇಳಬಹುದು. ಅಗರಬತ್ತಿ ಆಫೀಸಿನಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್‌ನಿಂದ ಹಿಡಿದು ಗೋಡೌನ್‌ವರೆಗೂ ಎಲ್ಲರಿಗೂ ಒಂದೊಂದು ವಿಳಾಸ ಇದೆ. ತಲೆಗಿಷ್ಟು ಅಂತ ತಿಂಗಳು ತಿಂಗಳು ದುಡ್ಡು ಕಟ್ಟೋಕೆ ಯಜಮಾನರು ಸುತಾರಾಂ ಒಪ್ಪಲ್ಲ. ಅವರ ಲೆಕ್ಕ ಅವರಿಗೆ ಸರಿ.

ಇದಕ್ಕೆ ಮುಂಚೆ ಅಲ್ಲಿ ಇದ್ದದ್ದು ದುಡ್ಡು ಕೊಟ್ಟು ತಗೊಂಡ ಸರ್ಟಿಫಿಕೇಟು. ಮಾರಿದವರ ಹೆಸರು ಬೇಡ. ವರ್ಷಕ್ಕೊಮ್ಮೆ ಒಂದು ಜಿಪ್ ಫೈಲ್ ಕಳಿಸ್ತಿದ್ರು, ಅದರೊಳಗೆ ಹೆಸರೇ ಅರ್ಥವಾಗದ ಫೈಲುಗಳು, ಯಾವುದರ ಮೇಲೆ ಯಾವುದು ಬರಬೇಕು ಅನ್ನೋ ಸೂಚನೆ ಇಲ್ಲ. ಕೇಳಿದ್ರೆ, 'ಮೇಡಂ, ಸರ್ಟಿಫಿಕೇಟ್ ಸರಿಯಾಗೇ ಇದೆ, ನಿಮ್ಮ ಸರ್ವರ್ ಪ್ರಾಬ್ಲಮ್' ಅನ್ನೋ ಸಿದ್ಧ ಉತ್ತರ. ಸರ್ಟಿಫಿಕೇಟ್ ಸರಿಯಾಗಿತ್ತು ಅನ್ನೋದೇನೋ ನಿಜ. ಆದರೆ ಅದನ್ನೂ ಮೂಲ ಸಂಸ್ಥೆಯನ್ನೂ ಸೇರಿಸೋ ನಡುವಿನ ಸರ್ಟಿಫಿಕೇಟು, ಇಂಟರ್‌ಮೀಡಿಯೇಟ್ ಅಂತೀವಲ್ಲ, ಅದು ಬೇರೆ ಫೈಲಿನಲ್ಲಿತ್ತು. ಅದನ್ನು ಸೇರಿಸದಿದ್ರೆ ಆಗೋ ತಮಾಷೆಯೇ ಬೇರೆ. ಆಫೀಸಿನ ವಿಂಡೋಸ್ ಕಂಪ್ಯೂಟರಿನಲ್ಲಿ ಔಟ್‌ಲುಕ್ ಚೆನ್ನಾಗೇ ಓಡುತ್ತೆ, ಯಾಕಂದ್ರೆ ಇಲ್ಲದ ನಡುವಿನ ಕೊಂಡಿಯನ್ನು ವಿಂಡೋಸ್ ತಾನೇ ಇಂಟರ್ನೆಟ್ಟಿನಿಂದ ಎಳ್ಕೊಳ್ಳುತ್ತೆ. ಯಜಮಾನರ ಆಂಡ್ರಾಯ್ಡ್ ಫೋನು ಆ ಕಷ್ಟ ತಗೊಳ್ಳಲ್ಲ, ನಂಬೋಕಾಗಲ್ಲ ಅಂತ ಬಾಗಿಲು ಹಾಕುತ್ತೆ. ಆಮೇಲೆ ಆಫೀಸಿನಲ್ಲೆಲ್ಲ ಒಂದೇ ಮಾತು: 'ಎಲ್ರಿಗೂ ಬರ್ತಿದೆ, ಸಾರ್ ಫೋನಿಗೆ ಮಾತ್ರ ಬರ್ತಿಲ್ಲ, ಫೋನೇ ಸರಿಯಿಲ್ಲ.'

ಲೆಟ್ಸ್ ಎನ್‌ಕ್ರಿಪ್ಟ್ ನಡೆಸೋದು ಇಂಟರ್ನೆಟ್ ಸೆಕ್ಯುರಿಟಿ ರಿಸರ್ಚ್ ಗ್ರೂಪ್ ಅನ್ನೋ ಅಮೆರಿಕದ ಲಾಭರಹಿತ ಸಂಸ್ಥೆ. 2015ರ ಡಿಸೆಂಬರಿನಲ್ಲಿ ಎಲ್ಲರಿಗೂ ಸಿಗೋ ಹಾಗಾಯ್ತು. ಸರ್ಟಿಫಿಕೇಟಿನ ಆಯಸ್ಸು 90 ದಿನ, ಬೆಲೆ ಸೊನ್ನೆ. ಫ್ರೀ ಅಂದ್ರೆ ಗೂಢಲಿಪಿ ದುರ್ಬಲ ಇರಬಹುದು ಅಂತ ಆಡಿಟರಿಗೆ ಅನುಮಾನ ಇತ್ತು. ಹಾಗೇನಿಲ್ಲ. ದುಡ್ಡು ಕೊಟ್ಟರೂ ಕೊಡದಿದ್ದರೂ ದಾರಿಯಲ್ಲಿ ಹೋಗೋ ಮೇಲಿನ ಭದ್ರತೆ ಒಂದೇ. ಇವರು ಖಾತ್ರಿ ಮಾಡ್ಕೊಳ್ಳೋದು ಡೊಮೇನ್ ನಿಮ್ಮ ಕೈಯಲ್ಲಿದೆ ಅನ್ನೋದನ್ನು ಮಾತ್ರ, ನಿಮ್ಮ ಕಂಪನಿಯ ಕಾಗದಪತ್ರ ನೋಡಲ್ಲ. ಮೇಲ್ ಸರ್ವರಿಗೆ ಅಷ್ಟೇ ಬೇಕಾಗಿರೋದು.

ಹಾಕ್ಕೊಳ್ಳೋದು ಸುಲಭ, ಒಂದು ವಿಷಯ ಬಿಟ್ಟು. ಡೊಮೇನ್ ನಿಮ್ಮದು ಅಂತ ತೋರಿಸೋಕೆ ಸಾಮಾನ್ಯವಾಗಿ ಹೊರಗಿನಿಂದ 80ನೇ ಪೋರ್ಟಿಗೆ, ಅಂದ್ರೆ ಸರ್ವರಿನ ವೆಬ್‌ಸೈಟ್ ಬಾಗಿಲಿಗೆ, ಬಂದು ನೋಡ್ತಾರೆ. ಬರೀ ಮೇಲ್ ಸರ್ವರಿನಲ್ಲಿ 80 ಯಾಕೆ ತೆರೆದಿರುತ್ತೆ? ಭದ್ರತೆ ಅಂತ ಫೈರ್‌ವಾಲಿನಲ್ಲಿ ಮುಚ್ಚಿರ್ತಾರೆ. ಸರ್ಟ್‌ಬಾಟಿನ ಸ್ಟ್ಯಾಂಡ್‌ಅಲೋನ್ ವಿಧಾನದಲ್ಲಿ ಅದೇ ಒಂದು ಗಳಿಗೆ 80ರಲ್ಲಿ ಕೂತು ಉತ್ತರ ಕೊಟ್ಟು ಎದ್ದು ಹೋಗುತ್ತೆ, ಆದರೆ ಫೈರ್‌ವಾಲ್ ತೆರೆದಿರಬೇಕು. ಮೊದಲ ಸಲ ತೆರೆದು, ಸರ್ಟಿಫಿಕೇಟ್ ಬಂದ ಮೇಲೆ ಮತ್ತೆ ಮುಚ್ಚಿಬಿಟ್ರೆ ನವೀಕರಣದ ಹೊತ್ತಿಗೆ ಅದು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತೆ. ಪೋರ್ಟ್ ತೆರೆಯೋಕೆ ಇಷ್ಟ ಇಲ್ಲದವರು ಡಿಎನ್‌ಎಸ್‌ನಲ್ಲಿ, ಅಂದ್ರೆ ಡೊಮೇನಿನ ವಿವರ ಇರೋ ಪಟ್ಟಿಯಲ್ಲಿ, ಒಂದು ಟಿಎಕ್ಸ್‌ಟಿ ದಾಖಲೆ ಸೇರಿಸಿಯೂ ಸಾಬೀತು ಮಾಡಬಹುದು. ಇನ್ನೊಂದು ಮಾತು: ಪರೀಕ್ಷೆ ಮಾಡೋವಾಗ 'ಡ್ರೈ ರನ್' ಅಂತ ಸೇರಿಸಿಯೇ ಓಡಿಸಿ, ಅದು ಬರೀ ತಾಲೀಮು, ಲೆಕ್ಕಕ್ಕೆ ಬರಲ್ಲ. ಒಂದೇ ಹೆಸರುಗಳ ಗುಂಪಿಗೆ ವಾರಕ್ಕೆ 5 ಸರ್ಟಿಫಿಕೇಟ್ ಮಾತ್ರ ಕೊಡ್ತಾರೆ. ಸರಿಹೋಗಲಿಲ್ಲ ಅಂತ ಮತ್ತೆ ಮತ್ತೆ ಹೊಸದನ್ನು ತರಿಸಿದ್ರೆ ಮಿತಿ ಮುಗಿದು ಕೈ ಕಟ್ಟಿ ಕೂರಬೇಕಾಗುತ್ತೆ.

ಸರ್ಟಿಫಿಕೇಟ್ ಬಂದ ಮೇಲೆ ಒಂದು ಫೋಲ್ಡರಿನಲ್ಲಿ ನಾಲ್ಕು ಫೈಲು ಕಾಣುತ್ತೆ: ಸರ್ಟ್, ಚೈನ್, ಫುಲ್‌ಚೈನ್, ಪ್ರೈವ್‌ಕೀ. ಆ ಜಿಪ್ ಫೈಲಿನ ಗೋಳಾಟ ಇಲ್ಲಿ ಇಲ್ಲ. ಪೋಸ್ಟ್‌ಫಿಕ್ಸಿಗೂ ಡವ್‌ಕಾಟಿಗೂ ಕೊಡಬೇಕಾದ್ದು ಫುಲ್‌ಚೈನ್ (ಸರ್ಟಿಫಿಕೇಟೂ ನಡುವಿನ ಕೊಂಡಿಯೂ ಸೇರಿದ್ದು) ಮತ್ತು ಪ್ರೈವ್‌ಕೀ (ಗುಟ್ಟಾಗಿಡಬೇಕಾದ ಕೀ). ಹೆಸರು ನೋಡಿ 'ಸರ್ಟ್' ಅನ್ನೋದನ್ನೇ ಕೊಟ್ಟರೆ ಮತ್ತೆ ಯಜಮಾನರ ಫೋನಿನ ಕತೆ ಶುರು. ಆ ಫೋಲ್ಡರನ್ನು ರೂಟ್, ಅಂದ್ರೆ ಸರ್ವರಿನ ಪೂರ್ಣಾಧಿಕಾರದ ಖಾತೆ, ಬಿಟ್ಟು ಬೇರೆಯವರು ಓದೋಕಾಗಲ್ಲ, ಅದನ್ನು ಕಂಡು ಕೆಲವರು ಎಲ್ಲರಿಗೂ ಓದೋ ಅನುಮತಿ ಕೊಟ್ಟುಬಿಡ್ತಾರೆ. ದಮ್ಮಯ್ಯ, ಹಾಗೆ ಮಾಡಬೇಡಿ. ಎರಡು ಸರ್ವರುಗಳೂ ರೂಟ್ ಆಗಿ ಎದ್ದು ಕೀ ಓದ್ಕೊಂಡು ಆಮೇಲೆ ಅಧಿಕಾರ ಇಳಿಸ್ಕೊಳ್ತವೆ.

ಡವ್‌ಕಾಟಿನದು ಒಂದು ವಿಚಿತ್ರ ಇದೆ. 2.3ರವರೆಗಿನ ಆವೃತ್ತಿಗಳಲ್ಲಿ ಫೈಲಿನ ದಾರಿ ಬರೆಯೋ ಮುಂಚೆ ಲೆಸ್‌ದ್ಯಾನ್ (<) ಚಿಹ್ನೆ ಹಾಕಬೇಕು. ಅದು ಇಲ್ಲದಿದ್ರೆ ಆ ದಾರಿಯ ಅಕ್ಷರಗಳನ್ನೇ ಸರ್ಟಿಫಿಕೇಟ್ ಅಂದ್ಕೊಂಡು ಓದೋಕೆ ಹೋಗಿ, ಇದು ಸರ್ಟಿಫಿಕೇಟೇ ಅಲ್ಲ ಅಂತ ಕೈ ಎತ್ತುತ್ತೆ. ಪುಣ್ಯಕ್ಕೆ ಲಾಗಿನಲ್ಲಿ 'ಪ್ರಾಯಶಃ ಆ ಚಿಹ್ನೆ ಮರೆತಿದ್ದೀರಿ' ಅಂತ ತಾನೇ ಹೇಳಿಬಿಡುತ್ತೆ. ತಪ್ಪು ಇಂಥದ್ದು ಅಂತ ಬೆರಳು ಮಾಡಿ ತೋರಿಸೋ ಸಾಫ್ಟ್‌ವೇರ್ ಎಷ್ಟಿವೆ ಹೇಳಿ. 2.4ರಲ್ಲಿ ಆ ಚಿಹ್ನೆಯೇ ಬೇಡ, ಸೆಟ್ಟಿಂಗಿನ ಹೆಸರೂ ಬೇರೆ. ಹಳೇ ಬರಹ ನೋಡಿ ಹೊಸ ಆವೃತ್ತಿಗೆ ಹಾಕೋರು ಅದನ್ನು ನೆನಪಿಡಬೇಕು.

ಈಗ ಆ ಒಂದು ಸ್ಟಾರಿನ ವಿಷಯ.

ಬೆಲ್ಲದ ಮಂಡಿಯವರ ಸರ್ವರನ್ನು ಬೇರೆಯವರು ಕಟ್ಟಿ ಬಿಟ್ಟು ಹೋಗಿದ್ರು, ಆಮೇಲೆ ನನ್ನ ಕೈಗೆ ಬಂತು. ಬಂದ ಹೊಸದರಲ್ಲೇ ಬೆಳಿಗ್ಗೆ ಬೆಳಿಗ್ಗೆ ಫೋನು. 'ಅವ್ವ, ಕಳ್ಸಿದ್ದು ಹೋಯ್ತದೆ, ಬರದು ಮಾತ್ರ ಒಂದೂ ಬತ್ತಿಲ್ಲ ಕಣವ್ವ. ತಮಿಳ್ನಾಡ್ನೋರು ಆರ್ಡರ್ ಆಕಿವ್ನಿ ಅಂತವ್ರೆ, ನಂಗೆ ಕಾಣ್ತಿಲ್ಲ.' ಸರ್ವರಿಗೆ ಹೋಗಿ ನೋಡಿದ್ರೆ ಸರ್ಟಿಫಿಕೇಟ್ ಹೊಸದಾಗಿ ತಿಂಗಳಾಗಿದೆ. ಸರ್ಟ್‌ಬಾಟಿನ ಲಾಗಿನಲ್ಲಿ ನವೀಕರಣ ಯಶಸ್ವಿ ಅಂತ ಬರೆದಿದೆ. ವೆಬ್‌ಸೈಟ್ ತೆರೆದರೆ ಬ್ರೌಸರಿನಲ್ಲಿ ಒಂದು ತಕರಾರಿಲ್ಲ. ಆದರೆ ಫೋನುಗಳು ಡವ್‌ಕಾಟಿನಿಂದ ಮೇಲ್ ತೆಗೆಯೋ 993ನೇ ಪೋರ್ಟಿಗೆ, ಸರ್ಟಿಫಿಕೇಟ್ ಪರೀಕ್ಷಿಸೋ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಕಮಾಂಡ್ ಕೊಟ್ಟು ಕೇಳಿದ್ರೆ ಕೊನೆಯ ಸಾಲಿನಲ್ಲಿ ಸಂಕೇತ 10, ಅಂದ್ರೆ ಸರ್ಟಿಫಿಕೇಟಿನ ಅವಧಿ ಮುಗಿದಿದೆ. ಡಿಸ್ಕಿನ ಮೇಲೆ ಹೊಸದು, ಬಾಗಿಲಲ್ಲಿ ತೋರಿಸ್ತಿರೋದು ಹಳೇದು.

ಆಗೋದು ಹೀಗೆ. ಅವಧಿ ಮುಗಿಯೋಕೆ 30 ದಿನ ಇರೋವಾಗ ಸರ್ಟ್‌ಬಾಟ್ ಹೊಸದನ್ನು ತಂದು ಇಡುತ್ತೆ. ವೆಬ್ ಸರ್ವರ್ ಆದ್ರೆ ತಾನೇ ತಟ್ಟಿ ಎಬ್ಬಿಸಿ ಹೊಸದನ್ನು ಓದಿಸುತ್ತೆ. ಡವ್‌ಕಾಟನ್ನು ಯಾರೂ ಎಬ್ಬಿಸಲ್ಲ, ಅದು ಎದ್ದಾಗ ಓದಿಕೊಂಡ ಹಳೇ ಸರ್ಟಿಫಿಕೇಟನ್ನೇ ನೆನಪಿನಲ್ಲಿಟ್ಕೊಂಡು ತೋರಿಸ್ತಾ ಇರುತ್ತೆ. ಒಂದು ತಿಂಗಳು ಏನೂ ಆಗಲ್ಲ, ಹಳೇದಕ್ಕೂ ಜೀವ ಇರುತ್ತಲ್ಲ. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಎಲ್ಲ ಫೋನುಗಳೂ ಒಟ್ಟಿಗೆ ಮುಷ್ಕರ ಹೂಡ್ತವೆ. ಆ ದಿನ ಯಾರೂ ಏನೂ ಬದಲಾಯಿಸಿರಲ್ಲ, ಹಾಗಾಗಿ ಯಾವುದರ ಮೇಲೂ ಅನುಮಾನ ಬರಲ್ಲ. ಪೋಸ್ಟ್‌ಫಿಕ್ಸಿನ ಸ್ವಭಾವ ಬೇರೆ. ಅದರ ಮೇಲ್ ತಗೊಳ್ಳೋ ಪ್ರಾಸೆಸ್‌ಗಳು ಅಲ್ಪಾಯುಷಿಗಳು, ಸ್ವಲ್ಪ ಕೆಲಸ ಮಾಡಿ ಸತ್ತು ಹೊಸದು ಹುಟ್ಟುತ್ತೆ, ಹುಟ್ಟಿದ್ದು ಹೊಸ ಸರ್ಟಿಫಿಕೇಟ್ ಓದುತ್ತೆ. ಅದಕ್ಕೇ ಕಳಿಸಿದ್ದು ಹೋಗುತ್ತೆ, ಬರೋದು ಕಾಣಲ್ಲ. ಮಂಡಿಯ ಯಜಮಾನರು ಹೇಳಿದ ಲಕ್ಷಣ ಅಕ್ಷರಶಃ ಸರಿಯಾಗಿತ್ತು. ಎಷ್ಟೋ ಎಂಜಿನಿಯರುಗಳ ಟಿಕೆಟ್ಟಿನಲ್ಲಿ ಇಷ್ಟು ಸ್ಪಷ್ಟತೆ ಇರಲ್ಲ.

ಅವರ ಆರ್ಡರೂ ಎಲ್ಲೂ ಕಳೆದುಹೋಗಿರಲಿಲ್ಲ. ಸರ್ವರಿನಿಂದ ಸರ್ವರಿಗೆ 25ನೇ ಪೋರ್ಟಿನಲ್ಲಿ ಬರೋ ಮೇಲು ಸಾಮಾನ್ಯವಾಗಿ ಎದುರಿನವರ ಸರ್ಟಿಫಿಕೇಟಿನ ಅವಧಿ ನೋಡಿ ವಾಪಸ್ ಹೋಗಲ್ಲ. ಮೇಲ್ ಪೆಟ್ಟಿಗೆಯೊಳಗೆ ಬಂದು ಕೂತಿತ್ತು, ತೆಗೆಯೋ ಬಾಗಿಲು ಮಾತ್ರ ಮುಚ್ಚಿತ್ತು. ಡವ್‌ಕಾಟ್ ರೀಲೋಡ್ ಮಾಡಿದ ಕೂಡಲೇ ಎಲ್ಲ ಸುರಿಯಿತು. 'ಬಂತು ಬಂತು' ಅಂತ ಆ ಕಡೆಯಿಂದ ಕೂಗು, ಹಿಂದೆ ಯಾರೋ ತೂಕ ಕೂಗ್ತಿದ್ದ ಸದ್ದು.

ಇದಕ್ಕೆ ಖಾಯಂ ಮದ್ದು ಸರ್ಟ್‌ಬಾಟಿನೊಳಗೇ ಇದೆ. ರಿನ್ಯೂವಲ್ ಹುಕ್ಸ್ ಅನ್ನೋ ಫೋಲ್ಡರಿನೊಳಗೆ ಡಿಪ್ಲಾಯ್ ಅಂತ ಇನ್ನೊಂದು ಫೋಲ್ಡರ್ ಇದೆ. ಅದರಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟು ಪೋಸ್ಟ್‌ಫಿಕ್ಸ್ ರೀಲೋಡ್, ಡವ್‌ಕಾಟ್ ರೀಲೋಡ್ ಅಂತ ಎರಡು ಸಾಲು ಬರೆದು, ಅದನ್ನು ಎಕ್ಸಿಕ್ಯೂಟಬಲ್ ಮಾಡಿದ್ರೆ ಪ್ರತಿ ನವೀಕರಣ ಆದ ಮೇಲೆ ತಾನಾಗೇ ಓಡುತ್ತೆ. ಎರಡೇ ಸಾಲು! ಹೊಸಬರಿಗೆ ಇದು ಗೊತ್ತಾಗೋ ದಾರಿ ಯಾವುದು? ಸರ್ಟಿಫಿಕೇಟ್ ಬಂದಾಗ ತೆರೆ ಮೇಲೆ ಅಭಿನಂದನೆಯ ಧಾಟಿಯಲ್ಲಿ ಏನೇನೋ ಬರುತ್ತೆ, 'ನಿಮ್ಮದು ಮೇಲ್ ಸರ್ವರಾದ್ರೆ ಇದೊಂದು ಮಾಡಿ' ಅಂತ ಒಂದು ಸಾಲು ಬರಲ್ಲ. ಮೊದಲೆಲ್ಲ ಅವಧಿ ಮುಗಿಯೋ ಮುಂಚೆ ಲೆಟ್ಸ್ ಎನ್‌ಕ್ರಿಪ್ಟ್‌ನವರು ಮೇಲಿನಲ್ಲಿ ಎಚ್ಚರಿಸ್ತಿದ್ರು. 2025ರ ಜೂನಿನಿಂದ ಅದನ್ನೂ ನಿಲ್ಲಿಸಿದ್ದಾರೆ. ಈ ತೊಂದರೆಗೆ ಆ ಮೇಲಿನಿಂದಲೂ ಉಪಯೋಗ ಇರಲಿಲ್ಲ ಅನ್ನಿ, ಅವರ ಲೆಕ್ಕದಲ್ಲಿ ನವೀಕರಣ ಆಗಿತ್ತಲ್ಲ. ನಾನು ನನ್ನ ಮನೆಯ ಕಂಪ್ಯೂಟರಿನಿಂದ ದಿನಕ್ಕೊಮ್ಮೆ ಎಲ್ಲರ 993, 465, 587 ಪೋರ್ಟುಗಳನ್ನು ಮುಟ್ಟಿ, ಹೊರಗೆ ಕಾಣೋ ಸರ್ಟಿಫಿಕೇಟಿನ ಕೊನೆ ದಿನಾಂಕ ಓದೋ ಹಾಗೆ ಮಾಡಿಟ್ಟಿದ್ದೀನಿ. ಡಿಸ್ಕಿನ ಮೇಲಿನ ಫೈಲ್ ನೋಡಿ ಸಮಾಧಾನ ಪಟ್ಕೊಳ್ಳೋದರಲ್ಲಿ ಅರ್ಥ ಇಲ್ಲ.

ಮುಂದೆ ಇದು ಇನ್ನೂ ಬಿಗಿಯಾಗುತ್ತೆ. 2028ರ ಹೊತ್ತಿಗೆ ಆಯಸ್ಸನ್ನು 45 ದಿನಕ್ಕೆ ಇಳಿಸ್ತೀವಿ ಅಂತ ಹೇಳಿದ್ದಾರೆ. ದುಡ್ಡಿನ ಸರ್ಟಿಫಿಕೇಟಿನವರು ಬಚಾವ್ ಅಂದ್ಕೋಬೇಡಿ, 2029ರ ಮಾರ್ಚಿನಿಂದ ಎಲ್ಲ ಸಂಸ್ಥೆಗಳಿಗೂ ಗರಿಷ್ಠ 47 ದಿನ ಅಂತ ನಿಯಮ ಆಗಿದೆ. ವರ್ಷಕ್ಕೊಮ್ಮೆ ಜಿಪ್ ಫೈಲ್ ತಂದು ಕೈಯಲ್ಲಿ ಹಾಕೋ ಕಾಲ ಮುಗೀತು, ಆ ಎರಡು ಸಾಲಿನ ಸ್ಕ್ರಿಪ್ಟ್ ಎಲ್ಲರಿಗೂ ಬೇಕಾಗುತ್ತೆ.

ಇನ್ನು ಸರ್ಟಿಫಿಕೇಟಿನ ತಲೆಗೆ ಕಟ್ಟೋ, ಆದರೆ ಅದಕ್ಕೆ ಸಂಬಂಧವೇ ಇಲ್ಲದ ತಕರಾರುಗಳು. ಪೋರ್ಟಿನದು ದೊಡ್ಡದು. ನಮ್ಮವರು ಮೇಲ್ ಕಳಿಸೋ ಬಾಗಿಲು ಎರಡು. 465ರಲ್ಲಿ ಮೊದಲ ಅಕ್ಷರದಿಂದಲೇ ಟಿಎಲ್‌ಎಸ್, ಅಂದ್ರೆ ಮಾತೆಲ್ಲ ಗೂಢಲಿಪಿಯಲ್ಲಿ. 587ರಲ್ಲಿ ಮೊದಲು ಬರಿಗೈ ಮಾತು, ಆಮೇಲೆ ಸ್ಟಾರ್ಟ್‌ಟಿಎಲ್‌ಎಸ್ ಅಂತ ಹೇಳಿ ಮುಸುಕು ಹಾಕ್ಕೊಳ್ಳೋದು. ಆಡಿಟರ ಆಫೀಸಿಗೆ ಬಂದ ಹೊಸ ಹುಡುಗ ಔಟ್‌ಲುಕ್‌ನಲ್ಲಿ 587 ಅಂತ ಹಾಕಿ ಪಕ್ಕದ ಪಟ್ಟಿಯಲ್ಲಿ ಎಸ್‌ಎಸ್‌ಎಲ್ ಆರಿಸಿದ್ದ. ಸರ್ವರ್ ಪಾಪ '220' ಅಂತ ಶುರು ಮಾಡಿ ತನ್ನ ಹೆಸರು ಹೇಳುತ್ತೆ, ಔಟ್‌ಲುಕ್ ಅದನ್ನೇ ಟಿಎಲ್‌ಎಸ್ ಅಂತ ಓದೋಕೆ ಹೋಗಿ ಎಡವುತ್ತೆ. ಎಸ್-ಕ್ಲೈಂಟಿನಲ್ಲಿ ಇದೇ ತಪ್ಪು ಮಾಡಿದ್ರೆ 'ರಾಂಗ್ ವರ್ಶನ್ ನಂಬರ್' ಅಂತ ಬೈಯುತ್ತೆ. ಅದನ್ನು ನೋಡಿ ಟಿಎಲ್‌ಎಸ್ ಆವೃತ್ತಿ ಬದಲಾಯಿಸೋಕೆ ಹೊರಡೋರನ್ನು ಕಂಡಿದ್ದೀನಿ. ಆವೃತ್ತಿಗೂ ಅದಕ್ಕೂ ಸಂಬಂಧ ಇಲ್ಲ, ಬಾಗಿಲು ತಪ್ಪಿದೆ ಅಷ್ಟೇ. ಇಂಟರ್ನೆಟ್ಟಿನ ರೀತಿನೀತಿ ಬರೆದಿಡೋ ದಾಖಲೆಗಳಲ್ಲೊಂದಾದ 2018ರ ಆರ್‌ಎಫ್‌ಸಿ 8314 ಮೊದಲ ಅಕ್ಷರದಿಂದಲೇ ಟಿಎಲ್‌ಎಸ್ ಇರೋದೇ ಒಳ್ಳೇದು ಅನ್ನುತ್ತೆ. ನಾನೂ ಹೊಸದಾಗಿ ಹಾಕೋವಾಗ ಎಲ್ಲರಿಗೂ 465, 993 ಎರಡೇ ಹೇಳಿಕೊಡೋದು. ಪೋಸ್ಟ್‌ಫಿಕ್ಸಿನ ಮಾಸ್ಟರ್ ಫೈಲಿನಲ್ಲಿ 465ರ ಸಾಲಿಗೆ ರ‍್ಯಾಪರ್‌ಮೋಡ್ ಯೆಸ್ ಅಂತ ಇದೆಯಾ ನೋಡ್ಕೊಳ್ಳಿ, 587ಕ್ಕೆ ಅದು ಇರಬಾರದು.

ಹೆಸರಿನ ತಕರಾರು ಇನ್ನೊಂದು. ಅಗರಬತ್ತಿ ಆಫೀಸಿನ ಅಕೌಂಟೆಂಟ್ ಕೇಳಿದ್ದು: 'ಮೇಡಂ, ಔಟ್‌ಲುಕ್ ಏನೋ ಸರ್ಟಿಫಿಕೇಟ್ ಕೇಳ್ತಿದೆ, ಎಸ್ ಒತ್ಲಾ? ದಿನಾ ಒತ್ತೀನಿ, ಇವತ್ತೂ ಬಂತು.' ದಿನಾ ಒತ್ತೀನಿ ಅನ್ನೋದು ಕೇಳಿ ನನ್ನ ಎದೆ ಧಸಕ್ ಅಂತು. ಸರ್ಟಿಫಿಕೇಟ್ ಇದ್ದದ್ದು ಮೇಲ್ ಡಾಟ್ ಕಂಪನಿ ಅನ್ನೋ ಹೆಸರಿಗೆ. ಔಟ್‌ಲುಕ್‌ನಲ್ಲಿ ಹಾಕಿದ್ದು ಐಮ್ಯಾಪ್ ಡಾಟ್ ಕಂಪನಿ. ಎರಡೂ ಅದೇ ಸರ್ವರಿಗೆ ಹೋಗುತ್ತೆ, ಆದರೆ ಸರ್ಟಿಫಿಕೇಟಿನಲ್ಲಿ ಆ ಹೆಸರು ಇಲ್ಲ. ಹೀಗೆ ಕಣ್ಮುಚ್ಚಿ ಎಸ್ ಒತ್ತೋ ಅಭ್ಯಾಸ ಆದ್ಮೇಲೆ ನಾಳೆ ನಿಜವಾಗಿ ಯಾರೋ ನಡುವೆ ನುಗ್ಗಿದ್ರೂ ಅದೇ ಬೆರಳು ಅದನ್ನೇ ಒತ್ತುತ್ತೆ, ಪಾಸ್‌ವರ್ಡ್ ಆಚೆ ಹೋಗುತ್ತೆ. ಸರ್ಟ್‌ಬಾಟಿಗೆ ಬೇಕಾದ ಹೆಸರುಗಳನ್ನೆಲ್ಲ ಒಂದರ ಹಿಂದೆ ಒಂದು ಕೊಟ್ಟು ಒಂದೇ ಸರ್ಟಿಫಿಕೇಟಿನಲ್ಲಿ ಸೇರಿಸಿದ್ರೆ ಮುಗೀತು, ಅದಕ್ಕೂ ದುಡ್ಡಿಲ್ಲ. ಹಿಂದಿನ ವ್ಯಾಪಾರಿ ಹೆಸರಿಗಿಷ್ಟು ಅಂತ ಲೆಕ್ಕ ಹಾಕ್ತಿದ್ದ.

ಪರೀಕ್ಷೆಗೆ ಎಸ್-ಕ್ಲೈಂಟ್ ಸಾಕು. ಕೂತು ಪೂರ್ತಿ ನೋಡಬೇಕು ಅಂದ್ರೆ ಟೆಸ್ಟ್‌ಎಸ್‌ಎಸ್‌ಎಲ್ ಅನ್ನೋ ಶೆಲ್ ಸ್ಕ್ರಿಪ್ಟ್ ಇದೆ, ಅದೂ ಉಚಿತ. ಸ್ಟಾರ್ಟ್‌ಟಿಎಲ್‌ಎಸ್ ಪೋರ್ಟುಗಳನ್ನೂ ನೋಡುತ್ತೆ, ಚೈನ್ ಪೂರ್ತಿ ಇದೆಯಾ, ಯಾವ ಹಳೇ ಆವೃತ್ತಿ ಇನ್ನೂ ತೆರೆದಿದೆ ಅಂತ ಬಣ್ಣ ಬಣ್ಣದಲ್ಲಿ ತೋರಿಸುತ್ತೆ. ಕೆಂಪು ಕಂಡ ಕೂಡಲೇ ಗಾಬರಿ ಬಿದ್ದು 25ನೇ ಪೋರ್ಟನ್ನು 'ಎನ್‌ಕ್ರಿಪ್ಟ್' (ಟಿಎಲ್‌ಎಸ್ ಕಡ್ಡಾಯ) ಮಟ್ಟಕ್ಕೆ ಏರಿಸಬೇಡಿ. ಅಲ್ಲಿ 'ಮೇ' (ಆದ್ರೆ ಟಿಎಲ್‌ಎಸ್) ಇರಲಿ, ಇಲ್ಲದಿದ್ರೆ ಟಿಎಲ್‌ಎಸ್ ಗೊತ್ತಿಲ್ಲದ ಹಳೇ ಸರ್ವರಿನಿಂದ ಬರೋ ಮೇಲ್ ನಿಂತುಹೋಗುತ್ತೆ. ಕಡ್ಡಾಯ ಮಾಡಬೇಕಾದ್ದು ನಮ್ಮವರು ಪಾಸ್‌ವರ್ಡ್ ಹಾಕಿ ಬರೋ 587ರಲ್ಲಿ.

ಯಾರು ತಗೋಬಾರದು? ಹಳೇ ಸಾಮಾನು ಬಿಡೋಕಾಗದವರು ಸ್ವಲ್ಪ ಯೋಚಿಸಿ. ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಆಸರೆ ಪಡೆದಿದ್ದ ಹಳೇ ಮೂಲ ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗೀತು. ಅದರಾಚೆಗಿನ ಹೊಸ ಮೂಲವನ್ನು ಅರಿಯದ ಫೋನು, ಅಂದ್ರೆ ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನದು, ಇವತ್ತು ಈ ಸರ್ಟಿಫಿಕೇಟನ್ನು ನಂಬಲ್ಲ. ಗೋಡೌನಿನಲ್ಲಿದ್ದ ಅಂಥ ಒಂದು ಫೋನನ್ನು ಬದಲಾಯಿಸಿಸಿದೆ, ಯಜಮಾನರು ಎರಡು ದಿನ ಮುಖ ಊದಿಸ್ಕೊಂಡಿದ್ರು.

ಆಡಿಟರ ಆಫೀಸಿನ ಜೆರಾಕ್ಸ್ ಮೆಷಿನ್ ಅದಕ್ಕಿಂತ ಹಠಮಾರಿ. ಸ್ಕ್ಯಾನ್ ಮಾಡಿ ನೇರ ಮೇಲಿಗೆ ಕಳಿಸೋ ಸೌಕರ್ಯ ಅದರಲ್ಲಿದೆ, ಆದರೆ ಬರೋದು ಟಿಎಲ್‌ಎಸ್ 1.0 ಮಾತ್ರ. 1.0, 1.1 ಎರಡನ್ನೂ 2021ರ ಮಾರ್ಚಿನಲ್ಲೇ ಅಧಿಕೃತವಾಗಿ ಬದಿಗಿಟ್ಟಾಗಿದೆ. ತಿಂಗಳ 20ನೇ ತಾರೀಕು, ಜಿಎಸ್‌ಟಿ ರಿಟರ್ನ್ ಕಟ್ಟೋ ಗಡಿಬಿಡಿ, ಬಿಲ್ಲುಗಳ ಕಟ್ಟು ಹಿಡ್ಕೊಂಡು ಹುಡುಗರು ಆ ಮೆಷಿನ್ ಮುಂದೆ ನಿಂತಿದ್ದಾರೆ, ಅದು ಸಂಪರ್ಕ ವಿಫಲ ಅಂತ ಚೀಟಿ ಹೊಡೀತಾ ಇದೆ. 'ಅದೊಂದಕ್ಕೋಸ್ಕರ ಸರ್ವರ್‌ನ ಸ್ವಲ್ಪ ಸಡಿಲ ಮಾಡೋಕಾಗಲ್ವೇನಮ್ಮ?' ಅಂದ್ರು ಆಡಿಟರು. ಆಗಲ್ಲ ಸಾರ್ ಅಂದೆ, ನಿಮ್ಮ ಕಕ್ಷಿದಾರರ ಪ್ಯಾನು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಅದೇ ದಾರಿಯಲ್ಲಿ ಹೋಗೋದು. ಮೆಷಿನ್ನಿಗೆ ಮೇಲ್ ತಂಟೆ ಬಿಡಿಸಿ, ಸ್ಕ್ಯಾನ್ ಆದದ್ದು ಆಫೀಸಿನೊಳಗಿನ ಒಂದು ಹಂಚಿದ ಫೋಲ್ಡರಿಗೆ ಹೋಗಿ ಬೀಳೋ ಹಾಗೆ ಮಾಡಿಕೊಟ್ಟೆ. ಮೇಲ್ ಕಳಿಸೋದಿದ್ರೆ ಅಲ್ಲಿಂದ ಎತ್ಕೊಂಡು ಕಳಿಸ್ತಾರೆ. ಒಂದು ಹೆಜ್ಜೆ ಜಾಸ್ತಿ ಅಂತ ಹುಡುಗರು ಈಗಲೂ ಗೊಣಗ್ತಾರೆ, ಆದರೆ ಅದರಲ್ಲಿ ಲೆಟ್ಸ್ ಎನ್‌ಕ್ರಿಪ್ಟಿನ ತಪ್ಪೇನೂ ಇಲ್ಲ, ಅದಕ್ಕೆ ನಾನು ಅಂಕ ಕಳೆದಿಲ್ಲ.